ಮೂವತ್ತನೆಯ ದಿನ

"ನಾಳಿ ಕೂಟಕ್ಕ ಆ ಹುಡುಗೀನೂ ಕರಕೊಂಡ ಬರ್ರಿ ಸರ್," ಎಂದರು ಫೋನಿನಲ್ಲಿ ಪಾಸ್ಟರು. ಅರ್ಧ ಮುಖಕ್ಕೆ ಸೋಪು ಹಚ್ಚಿಕೊಂಡು ನಿಂತಿದ್ದ ಜಯಶೀಲ ಫೋನನ್ನು ಸೋಪಿಲ್ಲದ ಕಡೆಯ ಕಿವಿಗೆ ಬದಲಿಸಿಕೊಂಡ.

"ಅಕಿ ಇನ್ನೂ ನಮ್ಮ ಮನಿಗೆ ಬಂದಿಲ್ರಿ."

"ಇವತ್ತ ಬರ್ತಾಳಲ್ರಿ. ನೀವು ತಾಸುಗಟ್ಟಲೆ ಮಾತಾಡೂದಕ್ಕಿಂತ ಅಕಿ ಎರಡು ನಿಮಿಷ ಮುಂದ ಬಂದು ನಿಂತರ ಸಾಕು. ಮಂದಿ ಕರಗಿಬಿಡ್ತಾರ."

"ನೋಡೋಣ್ರಿ."

"ಇಡೀ ಸಭಾ ನಿಮ್ಮ ಸಲುವಾಗಿ ಪ್ರಾರ್ಥನಾ ಮಾಡಾಕತ್ತೈತ್ರಿ ಸರ್."

ಫೋನು ಇಟ್ಟು ಕನ್ನಡಿ ನೋಡಿದ. ಇಡೀ ಸಭೆ ಪ್ರಾರ್ಥಿಸುತ್ತಿದೆ ಎಂದ ಮೇಲೆ ಮನುಷ್ಯನಿಗೆ ಧೈರ್ಯ ಬರಬೇಕು. ಅವನಿಗೆ ಮಾತ್ರ ಪರೀಕ್ಷೆಯ ಕೋಣೆಯಲ್ಲಿ ಮೇಲ್ವಿಚಾರಕರು ಬೆನ್ನ ಹಿಂದೆ ಬಂದು ನಿಂತ ಹಾಗಾಯಿತು. ಉಳಿದರ್ಧ ಮುಖವನ್ನು ಬೇಗ ಬೇಗ ಬೋಳಿಸಲು ಹೋಗಿ ಗದ್ದದ ಕೆಳಗೆ ಗಾಯ ಮಾಡಿಕೊಂಡ.

ಇವತ್ತು ಕೊನೆಯ ದಿನ. ದತ್ತು ಕೊಡುವ ಸರಕಾರಿ ಕಂಪ್ಯೂಟರು ಅವರಿಗೆಂದು ಒಂದು ಮಗುವನ್ನು ತೋರಿಸಿ, ಒಪ್ಪಿ ಸಹಿ ಹಾಕಲು ಮೂವತ್ತು ದಿನ ಕೊಟ್ಟಿತ್ತು. ಹುಬ್ಬಳ್ಳಿಯ ಒಂದು ಮಕ್ಕಳ ಸಂಸ್ಥೆಯಲ್ಲಿರುವ ಭಾಗ್ಯಶ್ರೀ, ವಯಸ್ಸು ಆರು. ಜಯಶೀಲ ಮೊದಲು ಕಾಲೇಜಿನ ಪರೀಕ್ಷೆ ಎಂದ. ಆಮೇಲೆ ಉತ್ತರಪತ್ರಿಕೆ ಎಂದ. ಹೀಗೆ ಜಾರಿ ಜಾರಿ ಇಪ್ಪತ್ತೊಂಬತ್ತು ದಿನ ಕಳೆದಿದ್ದವು. ಪರೀಕ್ಷೆ ಇದ್ದದ್ದು ಒಂದೇ ವಾರ ಎಂಬುದು ಹೆಂಡತಿ ಸುಗುಣಾಗೆ ಗೊತ್ತಿತ್ತು.

ಜಯಶೀಲ ಧಾರವಾಡದ ಒಂದು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಾನೆ. ಚರ್ಚಿನ ಸಭೆಯ ಹಿರಿಯ. ತಬ್ಬಲಿ ಮಕ್ಕಳನ್ನು ಮನೆಗೆ ತನ್ನಿರಿ ಎಂದು ಹನ್ನೊಂದು ವರ್ಷಗಳಿಂದ ಚರ್ಚುಗಳಲ್ಲಿ, ಸಾಲೆಗಳಲ್ಲಿ, ಹೆಂಗಸರ ಕೂಟಗಳಲ್ಲಿ ಮಾತಾಡುತ್ತ ಬಂದಿದ್ದಾನೆ. ಮೊದಲು ಅಂಕಿಅಂಶ, ಆಮೇಲೆ ವೇದವಾಕ್ಯ, ಕೊನೆಗೆ ಎಲ್ಲರ ಕಣ್ಣು ಮುಚ್ಚಿಸಿ ಪ್ರಾರ್ಥನೆ. ಅವನ ಪ್ರಾರ್ಥನೆಗೆ ಹೆಸರಿತ್ತು. ಅದನ್ನು ಕೇಳಿ ಹದಿನೇಳು ಮನೆಯವರು ಮಕ್ಕಳನ್ನು ತಂದಿದ್ದರು. ಹದಿನೆಂಟನೆಯ ಮನೆ ತನ್ನದೇ ಆಗಬಹುದೆಂದು ಅವನಿಗೆ ಹೊಳೆದಿರಲಿಲ್ಲ. ಹೊಳೆಯದ ಹಾಗೆ ನೋಡಿಕೊಂಡಿದ್ದ ಎನ್ನುವುದೇ ಹೆಚ್ಚು ಸರಿ.

ಹೊಳೆಯಿಸಿದವಳು ಗರಗದ ಸಾವಕ್ಕ. ಅಲ್ಲಿನ ಖಾದಿ ಕೇಂದ್ರದಲ್ಲಿ ನೂಲುವ ಹೆಂಗಸರ ಮುಂದೆ ಅವನು ಮಾತು ಮುಗಿಸಿದಾಗ ಈ ಮುದುಕಿ ಕೂತಲ್ಲಿಂದಲೇ ಕೇಳಿದ್ದಳು: "ನೀವು ಎಷ್ಟ ಮಕ್ಕಳ್ನ ತಂದೀರಿ ಸರ?"

"ನಾನಾ? ಇಲ್ಲವ್ವಾ."

"ಮನ್ಯಾಗ ನಿಮ್ಮವು ಅದಾವೇನು?"

"ಇಲ್ಲ."

"ಹಾಂ," ಎಂದು ಸಾವಕ್ಕ ತನ್ನ ಚರಕದ ಕಡೆ ತಿರುಗಿದ್ದಳು. ಅವಳ ದನಿಯಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ಅವನು ಉತ್ತರ ಕೊಡಬಹುದಿತ್ತು. ಅಂದೇ ಮನೆಗೆ ಬಂದು ಅರ್ಜಿ ತುಂಬಿದ. ಹದಿನೆಂಟು ವರ್ಷ ಬರಿದಾದ ಮನೆಯಲ್ಲಿ ಬಾಳಿದ್ದ ಸುಗುಣಾ ಸಂತೋಷಕ್ಕೆ ಅತ್ತುಬಿಟ್ಟಳು. ಅರ್ಜಿ ತುಂಬಿಸಿದ್ದು ನಾಚಿಕೆ ಎಂದು ಅವನು ಅವಳಿಗೆ ಹೇಳಲಿಲ್ಲ.

ಮೂರೂವರೆ ವರ್ಷ ಕಾದರು. ಅಷ್ಟೂ ದಿನ ಜಯಶೀಲ ಒಂಟಿಯಾಗಿದ್ದಾಗಲೆಲ್ಲ ದೇವರಲ್ಲಿ ಒಂದನ್ನೇ ಬೇಡಿಕೊಂಡ: ನನ್ನೊಳಗೆ ಆಸೆ ಹುಟ್ಟಿಸು. ಹುಟ್ಟಲಿಲ್ಲ. ಪರದೆಯ ಮೇಲೆ ಮಗುವಿನ ಫೋಟೋ ಮೂಡಿದ ದಿನ ಸುಗುಣಾ ಬೆರಳಿನಿಂದ ಆ ಕೆನ್ನೆ ಮುಟ್ಟಿದಳು. ಅವನು ಪಕ್ಕದಲ್ಲಿದ್ದ ತೂಕ ಓದಿದ. ಹದಿನಾರು ಕೆಜಿ. ಫೋಟೋ ತುಸು ವಾರೆಯಾಗಿದೆ ಎಂದುಕೊಂಡ. ಆಮೇಲೆ ತನ್ನ ಬಗ್ಗೆಯೇ ಹೇಸಿಗೆಯಾಯಿತು.

ಆದರೂ ಅವನು ಹಿಂದೆ ಸರಿಯುವವನಲ್ಲ. ಪ್ರೀತಿ ಎಂದರೆ ಭಾವನೆಯಲ್ಲ, ನಿರ್ಧಾರ ಎಂದು ಎಷ್ಟು ವೇದಿಕೆಗಳಲ್ಲಿ ಹೇಳಿದ್ದನೋ. ನಿರ್ಧಾರಕ್ಕೆ ಅವನಲ್ಲಿ ಕೊರತೆಯಿರಲಿಲ್ಲ. ಇವತ್ತು ಸಹಿ ಹಾಕುವುದು. ಕರೆತರುವುದು. ಓದಿಸುವುದು, ದೊಡ್ಡವಳನ್ನಾಗಿ ಮಾಡುವುದು. ಗಾಯಕ್ಕೆ ಪಟಿಕ ಒತ್ತಿ ಇಸ್ತ್ರಿಯ ಅಂಗಿ ಹಾಕಿಕೊಂಡ.

"ಅಕಿಗೆ ಬದನಿಕಾಯಿ ಸೇರೂದಿಲ್ಲಂತ," ಎಂದಳು ಸುಗುಣಾ ಹೊಸ ಫ್ರಾಕನ್ನು ಚೀಲಕ್ಕೆ ಹಾಕುತ್ತ. ಸಂಸ್ಥೆಗೆ ಅವಳು ದಿನಕ್ಕೊಮ್ಮೆ ಫೋನು ಮಾಡಿ ಇಂಥದ್ದೆಲ್ಲ ಕೇಳಿಕೊಂಡಿದ್ದಳು.

"ಅಕಿ ಫೈಲಿನ್ಯಾಗ ಇಲ್ಲಲ್ಲ ಅದು."

ಸುಗುಣಾ ಅವನನ್ನೊಮ್ಮೆ ನೋಡಿ ಚೀಲದ ಜಿಪ್ಪು ಎಳೆದಳು.

ಹುಬ್ಬಳ್ಳಿಗೆ ಹೋಗುವ ಚಿಗರಿ ಎಂಬ ವೇಗದ ಬಸ್ಸಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು. ಎದುರಿನ ಸೀಟಿನಲ್ಲಿ ಒಬ್ಬ ಮಗಳನ್ನು ತೊಡೆಯ ಮೇಲೆ ಕೂಡಿಸಿಕೊಂಡು ನಿದ್ದೆಹೋಗಿದ್ದ. ನಿದ್ದೆಯಲ್ಲೂ ಅವನ ಒಂದು ಕೈ ಅವಳ ಹೊಟ್ಟೆಯನ್ನು ಬಳಸಿ ಹಿಡಿದಿತ್ತು. ಬಸ್ಸು ನಿಂತಾಗ ಕೈ ಬಿಗಿಯುತ್ತಿತ್ತು, ಹೊರಟಾಗ ಸಡಿಲಾಗುತ್ತಿತ್ತು. ಇದನ್ನು ಯಾರು ಕಲಿಸುತ್ತಾರೆ ಎಂದು ಜಯಶೀಲ ಯೋಚಿಸಿದ. ತನ್ನ ತೊಡೆಯ ಮೇಲಿದ್ದ ಫೈಲನ್ನು ಹಾಗೇ ಬಳಸಿ ಹಿಡಿದು ನೋಡಿದ. ಸುಗುಣಾ ತಿರುಗಿದಳು. ಕೈ ತೆಗೆದ.

"ಅಕಿ ಜೋಡಿ ಏನ್ ಮಾತಾಡ್ತೀರಿ?"

"ಅಲ್ಲೆ ಹೋದ ಮ್ಯಾಲೆ ನೋಡೋಣ."

"ನೋಡೋಣ ಅನಬ್ಯಾಡ್ರಿ. ಹಿಂದ ಒಬ್ಬರು ಎರಡ ಸಲ ಬಂದು, ಕೈಗಡಿಯಾರ ಕೊಟ್ಟು, ನೋಡೋಣ ಅಂದ ಹೋಗ್ಯಾರಂತ. ಮತ್ತ ಬರಲಿಲ್ಲಂತ."

"ನಾವು ಹಂಗಲ್ಲ."

"ನಾವು ಹ್ಯಾಂಗಂತ ಅಕಿಗೆ ಹೆಂಗ ಗೊತ್ತಾಗಬೇಕು?"

ಅವನು ಕಿಟಕಿಯ ಹೊರಗೆ ನೋಡಿದ. ನವನಗರ ಹೋಯಿತು. "ಪಾಸ್ಟರು ಗ್ರೇಸ್ ಅಂತ ಹೆಸರಿಡ್ರಿ ಅಂದಾರ," ಎಂದ.

"ಅಕಿಗೆ ಒಂದ ಹೆಸರೈತಿ."

"ನಾಳಿ ಕೂಟಕ್ಕೂ ಕರಕೊಂಡ ಬರ್ರಿ ಅಂದಾರ."

"ನೀವೇನಂದ್ರಿ?"

"ನೋಡೋಣ ಅಂದೆ."

ಸುಗುಣಾ ನಕ್ಕಳೋ ಉಸಿರು ಬಿಟ್ಟಳೋ ಅವನಿಗೆ ತಿಳಿಯಲಿಲ್ಲ.

ಸಂಸ್ಥೆಯ ಮೇಲ್ವಿಚಾರಕಿ ಶರಣವ್ವ ಹಣೆತುಂಬ ವಿಭೂತಿ ಹಚ್ಚಿದ, ಅವಸರವೇ ಇಲ್ಲದ ಹೆಂಗಸು. ಪಕ್ಕದಲ್ಲಿ ಸಮಾಜ ಕಾರ್ಯಕರ್ತೆ ಶಮೀಮ ಫಾರ್ಮು ಮುಂದಿಟ್ಟುಕೊಂಡು ಕುಳಿತಿದ್ದಳು. ದತ್ತು ಸಮಿತಿಯ ಡಾಕ್ಟರು ಬೆಳಿಗ್ಗೆಯೇ ಸಹಿ ಹಾಕಿ ಹೋಗಿದ್ದರು. ಜಯಶೀಲ ಕೂಡುವ ಮೊದಲೇ ಜೇಬಿನಿಂದ ಪೆನ್ನು ತೆಗೆದ.

"ಎಲ್ಲಿ ಸಹಿ ಮಾಡಬೇಕು ಹೇಳ್ರಿ."

"ನಿಮ್ಮ ಸಹಿ ಕಡೀಕ ಸರ್," ಎಂದಳು ಶಮೀಮ. "ಐದು ವರ್ಷದ ಮ್ಯಾಲಿನ ಕೂಸಿದ್ದರ ಕೂಸಿನ ಒಪ್ಪಿಗಿ ಬೇಕ್ರಿ. ಅಕಿ ತನ್ನ ಬಾಯಿಲೆ ಹೇಳಬೇಕು. ನಾ ಬರಕೋತೇನಿ."

"ಗೊತ್ತು," ಎಂದ. ನಿಯಮ ಅವನಿಗೆ ಬಾಯಿಪಾಠ. ಎಷ್ಟೋ ಜನರಿಗೆ ಬಿಡಿಸಿ ಹೇಳಿದ್ದ. ಆರು ವರ್ಷದ ಒಬ್ಬಳು ತನ್ನನ್ನು ಬೇಡ ಎನ್ನಬಹುದು ಎಂಬ ಅರ್ಥ ಅದಕ್ಕಿದೆ ಎಂದು ಈಗಷ್ಟೇ ಹೊಳೆಯಿತು.

"ಹೂಂ ಅಂದರ ಕಾಗದಪತ್ರ ಮುಗಿಸಿ ಸಂಜಿಗೆ ಕಳಸಿಕೊಡ್ತೇವಿ," ಎಂದಳು ಶರಣವ್ವ. "ಒಲ್ಲೆ ಅಂದರ ಇವತ್ತಿಗೆ ಮುಗೀತ್ರಿ. ದಿನಾ ಉಳದಿಲ್ಲ. ನಿಮಗ ಕಂಪ್ಯೂಟರು ಬ್ಯಾರೆ ಕೂಸು ತೋರಸ್ತದ. ಅಕಿಗೆ ಬ್ಯಾರೆ ಮಂದಿ ಬರಬೇಕು. ಬೆಳದ ಹುಡುಗೀಗೆ ಮಂದಿ ಬರೂದು ಕಡಿಮಿರಿ."

ಭಾಗ್ಯಶ್ರೀ ಬಂದಳು. ಫೋಟೋದಲ್ಲಿ ಇದ್ದುದಕ್ಕಿಂತ ಸಣ್ಣವಳು. ಮೊಳಕಾಲಿನ ಮೇಲೆ ಒಣಗಿದ ಗಾಯ. ಕುರ್ಚಿಯ ಮೇಲೆ ಕುಳಿತಾಗ ಕಾಲು ನೆಲಕ್ಕೆ ಮುಟ್ಟಲಿಲ್ಲ. ಸುಗುಣಾ ಹೆಚ್ಚೇನೂ ಮಾಡಲಿಲ್ಲ. "ಇದು ಹೆಂಗ ಆತು?" ಎಂದು ಗಾಯ ತೋರಿಸಿದಳು.

"ಬಿದ್ದೆ."

"ಅತ್ತಿ?"

"ಸ್ವಲ್ಪ."

"ನಾನೂ ಮೊನ್ನಿ ಬಚ್ಚಲದಾಗ ಬಿದ್ದೆ. ನಾನೂ ಸ್ವಲ್ಪ ಅತ್ತೆ."

ಹುಡುಗಿ ಸುಗುಣಾಳ ಕಾಲಿನತ್ತ ನೋಡಿದಳು. ಎಲ್ಲಿ ಬಿದ್ದದ್ದು, ತೋರಿಸು ಎಂದಳು. ಎರಡು ನಿಮಿಷದಲ್ಲಿ ಕುರ್ಚಿಯಿಂದಿಳಿದು ಸುಗುಣಾಳ ಮೊಳಕಾಲಿಗೆ ಆತು ನಿಂತಿದ್ದಳು. ಜಯಶೀಲನಿಗೆ ಹೊಟ್ಟೆಕಿಚ್ಚಾಯಿತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ.

"ಅವ್ವನ ಜೋಡಿ ಮಾತಾಡಿದಿ," ಎಂದಳು ಶರಣವ್ವ. "ಈಗ ಅಪ್ಪನ ಜೋಡಿ ಮಾತಾಡವಾ. ಸರ್, ನೀವು ಭಾಳ ಛಲೋ ಮಾತಾಡ್ತೀರಿ ಅಂತ ಕೇಳೇನಿ."

ಹುಡುಗಿ ಬಂದು ಅವನೆದುರು ನಿಂತಳು.

ಅವನು ಮುಗುಳ್ನಕ್ಕ. "ಸಾಲ್ಯಾಗ ಎಷ್ಟನೇತ್ತಾ?" ಎಂದ. ಉತ್ತರ ಫೈಲಿನಲ್ಲೇ ಇತ್ತು.

"ಒಂದನೇತ್ತಾ."

"ಛಲೋ."

ಮುಂದೆ ಏನೂ ಹೊಳೆಯಲಿಲ್ಲ. ಹನ್ನೊಂದು ವರ್ಷ ಅವನು ಮಕ್ಕಳ ಬಗ್ಗೆ ಮಾತಾಡಿದ್ದ. ಮಕ್ಕಳು ಎಂದರೆ ಲಕ್ಷಗಟ್ಟಲೆ. ಆ ಲಕ್ಷದಲ್ಲಿ ಯಾರೂ ಹೀಗೆ ಎದುರಿಗೆ ಬಂದು, ಅವನ ಗದ್ದದ ಗಾಯವನ್ನು ನೋಡುತ್ತ ನಿಂತಿರಲಿಲ್ಲ. ಫ್ಯಾನು ತಿರುಗುತ್ತಿತ್ತು. ಶಮೀಮಳ ಪೆನ್ನು ಕಾಯುತ್ತಿತ್ತು. ಹುಡುಗಿ ತಾಳ್ಮೆಯಿಂದಲೇ ಇದ್ದಳು. ಅವಳಿಗೆ ಕಾಯುವುದು ಚೆನ್ನಾಗಿ ರೂಢಿಯಾಗಿತ್ತು. ಇವಳು ಒಲ್ಲೆ ಅಂದರೆ? ಈ ಕೋಣೆಯಿಂದ ಬರಿಗೈಯಲ್ಲಿ ಸುಗುಣಾಳನ್ನು ಹೊರಗೆ ಕರೆದುಕೊಂಡು ಹೋಗುವುದು ಹೇಗೆ? ಇಲ್ಲ, ಹಾಗಾಗಗೊಡುವುದಿಲ್ಲ. ಏನಾದರೂ ಹೇಳಲೇಬೇಕು. ಹಲ್ಲು ಕಚ್ಚಿ ನಿರ್ಧಾರ ಮಾಡಿದ.

"ಒಂದು ಪ್ರಾರ್ಥನಾ ಮಾಡಲೇನ್ರಿ?" ಎಂದ ಶರಣವ್ವನಿಗೆ.

ಸುಗುಣಾ ತಲೆಯೆತ್ತಿದಳು.

"ಮಾಡ್ರಿ ಸರ್," ಎಂದಳು ಶರಣವ್ವ. "ಯಾರ ದೇವರಾದರ ಏನು, ಛಲೋ ಕೆಲಸಕ್ಕ." ಶಮೀಮ ಪೆನ್ನು ಕೆಳಗಿಟ್ಟು ಸೆರಗು ತಲೆಗೆಳೆದುಕೊಂಡಳು. ಹುಡುಗಿ ಅವರನ್ನು ನೋಡಿ ಕೈಮುಗಿದಳು.

ಅವನು ಹುಡುಗಿಯ ತಲೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದ. ಮುಚ್ಚಿದ ಕೂಡಲೇ ನಿರಾಳವಾಯಿತು. ದನಿ ತಾನಾಗಿ ಬಂತು, ಭಾನುವಾರದ ದನಿ, ಎಲ್ಲಿ ಏರಬೇಕು ಎಲ್ಲಿ ಇಳಿಯಬೇಕು ಬಲ್ಲ ದನಿ. "ಕೃಪೆಯುಳ್ಳ ಕರ್ತನೇ, ಈ ಮಗುವಿಗಾಗಿ ನಿನಗೆ ಸ್ತೋತ್ರ. ಇವಳ ಹೆಸರನ್ನು ನೀನು ಬಲ್ಲೆ, ಇವಳ ಕಣ್ಣೀರನ್ನು ನೀನು ಬಲ್ಲೆ." ಮಾತುಗಳು ಒಂದರ ಹಿಂದೊಂದು ಸಲೀಸಾಗಿ ಬಂದವು. ಎಷ್ಟೋ ವರ್ಷಗಳ ಮೇಲೆ ಅವನ ಎದೆ ತುಂಬಿ ಬಂತು. ಆಸೆ ಎಂದರೆ ಇದೇ ಇರಬೇಕು ಎಂದು ಸಂತೋಷವಾಯಿತು. ಇನ್ನೂ ಗಟ್ಟಿಯಾಗಿ ಬೇಡಿದ. "ಯಾರೂ ಇಲ್ಲದ ಈ ಕೂಸಿಗೆ ಒಂದು ಮನೆಯನ್ನು ಕೊಡು ಕರ್ತನೇ. ಇವಳನ್ನು ಮಗಳೇ ಎಂದು ಕರೆಯುವ ಒಬ್ಬ ತಂದೆಯನ್ನು, ಎಲ್ಲಿದ್ದರೂ ಹುಡುಕಿ, ಇವಳ ಬಳಿಗೆ ಕಳಿಸಿಕೊಡು."

ನಿಲ್ಲಿಸಿದ. ಆಮೆನ್ ಬರಲಿಲ್ಲ. ಎಲ್ಲ ಕೂಟಗಳಲ್ಲೂ ಮೊದಲು ಆಮೆನ್ ಅನ್ನುವವಳು ಸುಗುಣಾ. ಅವಳು ಅನ್ನಲಿಲ್ಲ. ಆ ಮೌನದಲ್ಲಿ, ತಾನು ಏನು ಬೇಡಿದೆ ಎಂಬುದು ಅವನ ಕಿವಿಗೆ ಬಿತ್ತು.

ಕಣ್ಣು ತೆರೆದ. ಸುಗುಣಾ ಅವನನ್ನೇ ನೋಡುತ್ತಿದ್ದಳು. ಸಿಟ್ಟಿನಿಂದ ನೋಡಿದ್ದರೆ ತಡೆದುಕೊಳ್ಳಬಹುದಿತ್ತು. ಅವಳು ಪರಿಚಯವಿಲ್ಲದವನನ್ನು ನೋಡುವಂತೆ ನೋಡುತ್ತಿದ್ದಳು. ಹುಡುಗಿ ಅವನ ಕೈಯಡಿಯಿಂದ ತಲೆ ಸರಿಸಿಕೊಂಡು ಬಾಗಿಲ ಕಡೆ ತಿರುಗಿದ್ದಳು.

"ಆ ಅಪ್ಪ ಯಾವಾಗ ಬರ್ತಾರ?" ಎಂದು ಶರಣವ್ವನನ್ನು ಕೇಳಿದಳು.

ಶರಣವ್ವ ಜಯಶೀಲನ ಮುಖ ನೋಡಿದಳು. "ನೀವ ಹೇಳ್ರಿ ಸರ್ ಅಕಿಗೆ," ಎಂದಳು ಶಮೀಮ ಮೆಲ್ಲಗೆ. ಅವಳು ಪೆನ್ನನ್ನು ಮತ್ತೆ ಕೈಗೆ ತೆಗೆದುಕೊಂಡಿದ್ದಳು.

ಹೇಳಬೇಕಾದದ್ದು ಒಂದೇ ಮಾತು. ಬಂದೇನಿ ಅವ್ವಾ, ನಾನ ಆ ಅಪ್ಪ. ಅಷ್ಟೇ. ಹೇಳಿಯೇ ತೀರುತ್ತೇನೆ ಎಂದು ಅವನು ಬಾಯಿ ತೆರೆದ. ಹುಡುಗಿ ಹಿಂದಿರುಗಿ ನೋಡಲಿಲ್ಲ. ಅವಳ ಕಣ್ಣು ಎಷ್ಟು ನಂಬಿಕೆಯಿಂದ ಬಾಗಿಲಲ್ಲಿ ನೆಟ್ಟಿತ್ತೆಂದರೆ, ಬಾಯಿ ತೆರೆದಿದ್ದ ಹಾಗೆಯೇ ಜಯಶೀಲನೂ ತಿರುಗಿ ಆ ಕಡೆ ನೋಡಿದ.

ಬಾಗಿಲಾಚೆಯ ಪಡಸಾಲೆಯನ್ನು ಯಾರೋ ಆಗಷ್ಟೇ ಒರೆಸಿದ್ದರು. ನೆಲ ಒದ್ದೆಯಾಗಿ ಗೇಟಿನವರೆಗೂ ಹೊಳೆಯುತ್ತಿತ್ತು. ಅದರ ಮೇಲೆ ಒಂದು ಹೆಜ್ಜೆಯೂ ಮೂಡಿರಲಿಲ್ಲ.