ದನಿ ಯಾರದು

ಕುಂದಗೋಳದ ರೋಹಿಣಿಗೆ ತನ್ನ ಕೆಲಸವನ್ನು ಮನೆಯವರಿಗೆ ತಿಳಿಸಿ ಹೇಳುವುದೇ ಕಷ್ಟವಾಗಿತ್ತು. ಮನುಷ್ಯರ ಮಾತು ಅರಿತು ಉತ್ತರ ಕೊಡುವ ಯಂತ್ರಗಳು ಬಂದಿವೆ. ಅವಕ್ಕೆ ನೀತಿ ನಿಯಮ ಕಟ್ಟಲು ನಮ್ಮಂಥ ದೇಶಗಳು ಎಷ್ಟು ತಯಾರಾಗಿವೆ ಎಂದು ಒಂದು ತಂಡ ಅಳೆಯುತ್ತಿತ್ತು. ಕರೆಂಟು, ನೆಟ್‌ವರ್ಕು, ಕಾನೂನು ಎಲ್ಲಕ್ಕೂ ಅಂಕ. ಹಳ್ಳಿಯ ಮಾತು ಯಂತ್ರಕ್ಕೆ ತಿಳಿಯುತ್ತದೆಯೇ ಎಂದು ನೋಡುವುದು ರೋಹಿಣಿಯ ಪಾಲಿಗೆ ಬಂದಿತ್ತು.

ಹಾಗೆ ಅವಳು ಮಿಶ್ರಿಕೋಟಿಯ ಲಕ್ಷ್ಮಪ್ಪನ ಮನೆಗೆ ಬಂದಳು. ಕುರಿ ಕಾಯ್ದು ಬಾಳಿದ ಮನುಷ್ಯ. ಎರಡು ವರ್ಷದ ಹಿಂದೆ ಲಕ್ವಾ ಹೊಡೆದು ಬಲಗೈ ಬಿದ್ದಿತ್ತು, ನಾಲಗೆ ತೊಡರಿತ್ತು. ಬುದ್ಧಿ ಮಾತ್ರ ಮೊದಲಿನಂತೆಯೇ ಚುರುಕು. ಅವನ ಮಾತು ಹೆಂಡತಿ ಸಾವಕ್ಕನಿಗೂ ಅರ್ಧಂಬರ್ಧ ತಿಳಿಯುತ್ತಿತ್ತು; ಮಗ ಸುಭಾಸ ಕಿವಿಗೊಡುವುದನ್ನೇ ಬಿಟ್ಟಿದ್ದ. ರೋಹಿಣಿ ಹಲವು ಸಲ ಬಂದು ಚಿತ್ರಗಳನ್ನು ತೋರಿಸಿ, ಅವನು ಕುರಿ, ಕಂಬಳಿ, ರೊಟ್ಟಿ ಎನ್ನುವ ಬಗೆಯನ್ನೆಲ್ಲ ರೆಕಾರ್ಡ್ ಮಾಡಿಕೊಂಡಳು. ಯಂತ್ರ ಅದನ್ನೇ ಕೇಳಿ ಕೇಳಿ ಕಲಿಯಬೇಕಿತ್ತು.

ಶ್ರಾವಣದ ಒಂದು ಮಧ್ಯಾಹ್ನ ಸಾವಕ್ಕ ಗಂಡನ ಮುಂದೆ ತಾಟು ಇಟ್ಟಳು. ಅವನು ಎಂದಿನಂತೆ ಅದನ್ನು ಎಡಗೈಯಿಂದ ಆಚೆ ಸರಿಸಿ ಏನೋ ಗೊಣಗಿದ. ದಿನಾ ಇದೇ ರಗಳೆ, ನನ್ನ ಅಡುಗೆ ಸೇರುವುದಿಲ್ಲ ಎಂದು ಸಾವಕ್ಕ ನಿಟ್ಟುಸಿರಿಟ್ಟಳು. ಅಷ್ಟರಲ್ಲಿ ರೋಹಿಣಿಯ ಮೊಬೈಲಿನಲ್ಲಿದ್ದ ಯಂತ್ರ ಅವನು ಗೊಣಗಿದ್ದನ್ನೇ ತಿಳಿಯಾದ ದನಿಯಲ್ಲಿ ನುಡಿಯಿತು:

"ನೀ ಮೊದಲ ಉಣ್ಣು."

ಸಾವಕ್ಕ ಗಂಡನ ಕಡೆ ತಿರುಗಿದಳು.

"ದಿನಾ ಇದನ್ನ ಹೇಳ್ತಿದ್ರೇನ್ರಿ?"

ಲಕ್ಷ್ಮಪ್ಪ ತಲೆಯಾಡಿಸಿದ. ಕಣ್ಣು ತುಂಬಿದ್ದವು. ಆ ಯಂತ್ರ ಹೇಗೆ ಕಲಿಯುತ್ತದೆಂದು ರೋಹಿಣಿಗೆ ಗೊತ್ತಿತ್ತು. ಗೊತ್ತಿದ್ದೂ ಅದನ್ನು ನಂಬುವುದು ಕಷ್ಟವಾಯಿತು.

ಆಮೇಲೆ ಲಕ್ಷ್ಮಪ್ಪ ಹೊತ್ತು ಇಳಿಯುವವರೆಗೂ ಮಾತಾಡಿದ. ಯಂತ್ರ ಅಲ್ಲಲ್ಲಿ ತಪ್ಪಿತು. ಅವನು ಬೇಸರಿಸದೆ ಮತ್ತೆ ಹೇಳಿದ. ಸುಭಾಸನನ್ನು ಬೈದ, ಮೊಮ್ಮಗಳನ್ನು ಕರೆದ. ಓಣಿಯ ಜನ ಬಂದು ಕಟ್ಟೆಯ ಮೇಲೆ ಕಿವಿಗೊಟ್ಟು ಕೂತರು.

ಹೊರಡುವ ಮುನ್ನ ರೋಹಿಣಿ ಒಪ್ಪಿಗೆ ಕೇಳಬೇಕಿತ್ತು. ಈ ದನಿಯನ್ನು ಅಳಿಸಬೇಕೋ, ಯಂತ್ರಕ್ಕೆ ಕಲಿಸಲು ಇಟ್ಟುಕೊಳ್ಳಬೇಕೋ? ರೂಢಿಯಂತೆ ಅವಳು ಸುಭಾಸನ ಕಡೆ ತಿರುಗಿದಳು. ನಮ್ಮ ತಕರಾರಿಲ್ಲ, ಇಟ್ಟುಕೊಳ್ಳಿ ಎಂದ ಅವನು. ಲಕ್ಷ್ಮಪ್ಪ ಎಡಗೈ ಎತ್ತಿದ.

"ದನಿ ನಂದು. ನನ್ನ ಕೇಳ್ರಿ."

ರೋಹಿಣಿ ನಾಚಿ, ಅವನೆದುರು ನೆಲದ ಮೇಲೆ ಕೂತು ಮೊದಲಿನಿಂದ ವಿವರಿಸಿದಳು. ಅವನು ಸಾವಕ್ಕನ ಕಡೆ ನೋಡಿದ.

"ನನ್ನಂಗ ನಾಲಿಗಿ ಬಿದ್ದವ್ರಿಗೆ ಉಪಯೋಗ ಆಗತೈತಿ ಅಂದ್ರ ಇಟ್ಕೋರಿ. ಇಕಿ ಜೋಡಿ ಆಡಿದ್ದು ಮಾತ್ರ ಅಳಸ್ರಿ."

ರೋಹಿಣಿ ಅದನ್ನು ಅಲ್ಲೇ ಅಳಿಸಿದಳು.

ಧಾರವಾಡದಲ್ಲಿ ನಡೆದ ತಂಡದ ಸಭೆಯಲ್ಲಿ ರೋಹಿಣಿ ಯಂತ್ರಕ್ಕೆ ಒಳ್ಳೆಯ ಅಂಕ ಕೊಟ್ಟಳು, ಕಾನೂನಿಗೆ ಕೊಡಲಿಲ್ಲ. ಮಾತು ಕಳೆದುಕೊಂಡವರ ದನಿಗೆ ಯಾರ ಒಪ್ಪಿಗೆ ಬೇಕೆಂದು ತಾನು ಓದಿದ ಯಾವ ನಿಯಮವೂ ಹೇಳಿರಲಿಲ್ಲ ಎಂದಳು. ಮನೆಯವರ ಸಹಿ ಸಾಲದೇ ಎಂದು ಕೆಲವರು ವಾದಿಸಿದರು. ತಂಡದ ಹಿರಿಯ ಅಬ್ದುಲಮಜೀದ ಎಲ್ಲವನ್ನೂ ಕೇಳಿ, ಮಾತಾಡಿದವರನ್ನೇ ಕೇಳಿದ್ದೀರಾ ಎಂಬ ಪ್ರಶ್ನೆಯನ್ನು ಎಲ್ಲ ದೇಶಗಳ ಅಳತೆಯಲ್ಲೂ ಸೇರಿಸಿದರು.

ರೋಹಿಣಿ ಅದನ್ನು ಹೇಳಲೆಂದೇ ಮತ್ತೆ ಮಿಶ್ರಿಕೋಟಿಗೆ ಬಂದಳು. ಯಾವ ಯಾವ ದೇಶ ಎಂದು ಲಕ್ಷ್ಮಪ್ಪ ಕೇಳಿದ. ಅವಳು ನೇಪಾಳ, ಕೀನ್ಯಾ, ಇಥಿಯೋಪಿಯಾ ಎನ್ನುತ್ತ ಹೋದಂತೆ ಅವನು ಒಂದೊಂದು ಹೆಸರನ್ನೂ ತೊಡರುವ ನಾಲಗೆಯಿಂದ ಮೆಲ್ಲಗೆ ಅಂದು ನೋಡಿದ.

"ಅಲ್ಲೂ ಕುರಿ ಅದಾವೇನ್ರಿ?"

ಬೇಕಾದಷ್ಟಿವೆ ಎಂದಳು ರೋಹಿಣಿ. ಹಾಗಾದರೆ ಅಲ್ಲಿ ಕುರಿ ಕಾಯುವವರನ್ನೂ ಕೇಳಿ ಎಂದ ಲಕ್ಷ್ಮಪ್ಪ.