ಮಡಿಲಲ್ಲಿ ರಕ್ತದ ಪೆಟ್ಟಿಗೆ

“ಏಯ್ ಚೇರಿ ಮುಂಡೆ! ನಮ್ಮನೆ ರತ್ತ ಮೇಲಿನ ತಟ್ಟೇಲಿ, ನಿಮ್ದು ಅಡೀಲಿ. ಒಂದಕ್ಕೊಂದು ತಗಲಿತೋ, ತೊಗ್ಲು ಸುಲಿದ್ಬುಡ್ತೀನಿ!”

ಹೀಗೆ ಅರಚಿದ ರಾಜೇಂದ್ರನ್ ಗೌಡರ ಬಾಳೆತೋಟ ಎಷ್ಟು ದೊಡ್ಡದೆಂದರೆ, ಈ ತುದಿಯಲ್ಲಿ ಗೊನೆ ಕಡಿಯಲು ಹಿಡಿದವಳು ಆ ತುದಿ ಮುಟ್ಟುವಷ್ಟರಲ್ಲಿ ಅವಳ ಮೊಮ್ಮಗಳು ಮೈನೆರೆದಿರುತ್ತಿದ್ದಳು. ಬೈಸಿಕೊಂಡ, ಊರಾಚೆಯ ದಲಿತ ಕೇರಿಯ ಮುನಿಯಮ್ಮಾಳ್ ಮಾತ್ರ ಸಾಮಾನ್ಯಳೇ? ಅವಳು ಉತ್ತಮಪಾಳಯದಲ್ಲಿ ಕೂಗಿದರೆ ದೂರದ ಕಂಬಂ ಊರಿನಲ್ಲಿ ಕೆಟ್ಟು ನಿಂತ ಟೌನ್ ಬಸ್ಸು ತಾನಾಗಿ ಸ್ಟಾರ್ಟ್ ಆಗುತ್ತಿತ್ತು. ಗೌಡರ ಅಂಗಳದಲ್ಲಿ ಮಾತ್ರ ಆ ಗಂಟಲಿಗೆ ಬೀಗ.

ಮದ್ರಾಸಿನ ಡಾಕ್ಟರ್ ಸೇಕರ್ ಬಂದಿದ್ದು ಇದು ಎರಡನೇ ಸಲ. ಯಾವ ಜಾತಿಯ ರಕ್ತದಲ್ಲಿ ಯಾವ ರೋಗ ತಲೆಮಾರಿನಿಂದ ಇಳಿದು ಬರುತ್ತದೆಂದು ಲೆಕ್ಕ ಹಾಕುವುದು ಅವರ ಕೆಲಸ. ರಕ್ತ ಕೊಡದವರಿಗೆ ತೋಟದಲ್ಲಿ ಕೂಲಿಯಿಲ್ಲ ಎನ್ನುವುದು ಗೌಡರ ಆಜ್ಞೆ. ಹೋದ ವರ್ಷ ಮುನಿಯಮ್ಮಾಳ್‌ಳ ಮಗಳು ಮುತ್ತುಸೆಲ್ವಿಯ ತೋಳಿಗೆ ಸೂಜಿ ಚುಚ್ಚುವಾಗ ಡಾಕ್ಟರು, “ರೋಗ ಇದ್ರೆ ಹೇಳ್ತೀವಿ” ಎಂದಿದ್ದರು. ಹುಡುಗಿ ಈಗ ಬಾಳೆದಿಂಡಿನಂತೆ ಬಿಳಿಚಿಕೊಂಡಿದ್ದಾಳೆ. ಬಾವಿಗೆ ಹೋದವಳು ದಾರಿಯಲ್ಲೇ ಕುಸಿಯುತ್ತಾಳೆ.

ವ್ಯಾನು ಕಾಲುವೆಯ ಆಚೆ ನಿಂತಿತ್ತು. ರಕ್ತದ ನಳಿಗೆಗಳಿದ್ದ ಐಸ್ ಪೆಟ್ಟಿಗೆಯನ್ನು ಅಲ್ಲಿಗೆ ಹೊರುವ ಮುಂಚೆ ಮುನಿಯಮ್ಮಾಳ್ ಕೇಳಿದಳು:

“ಸಾಮಿ, ನನ್ ಮಗಳ ರತ್ತದಾಗೆ ಏನಿತ್ತು?”

“ಒಬ್ಬೊಬ್ಬರದು ಹೇಳಕ್ಕಾಗಲ್ಲಮ್ಮ. ನಿಮ್ಮ ಜನರಲ್ಲಿ ನೂರಕ್ಕೆ ಎಂಟು ಮಂದಿಗೆ ರೋಗ ಇದೆ. ಬರೆದು ಅಚ್ಚು ಹಾಕಿಸಿದ್ದೀವಿ. ಲಂಡನ್‌ನಲ್ಲೂ ಓದ್ತಾರೆ.”

“ಆ ಎಂಟ್ರಾಗೆ ನನ್ ಸೆಲ್ವಿ ಅವ್ಳಾ, ಇಲ್ವಾ?”

“ನಮ್ಮ ಲೆಕ್ಕಕ್ಕೆ ಅದು ಬೇಕಾಗಿಲ್ಲ.”

ಗೌಡರು ಹೊಟ್ಟೆ ಕುಣಿಸಿ ನಕ್ಕರು. “ನಮ್ಮನೆಯೋರ್ದೆಲ್ಲಾ ರಿಪೋರ್ಟು ಹೆಸರು ಹಾಕಿ ಟಪಾಲ್ನಾಗೆ ಬಂತು. ಚೇರಿಗೆ ಯಾವ ನಾಯಿ ಟಪಾಲು ತರ್ತದೆ? ಪೆಟ್ಟಿಗೆ ಹೊರೇ, ಸನಿಮುಂಡೇ!”

ಮುನಿಯಮ್ಮಾಳ್ ಹೊತ್ತಳು. ಕಾಲುವೆಯ ಏರಿ ತಲುಪಿ ಪೆಟ್ಟಿಗೆ ಇಳಿಸಿದಳು. ಕಾಗೆಗಳೂ ಕೊಡೆ ಕೇಳುವಂಥ ಬಿಸಿಲು. ಮುಚ್ಚಳ ಕಿತ್ತು, ಐಸುಗಡ್ಡೆಗಳನ್ನೆಲ್ಲ ಬಾಚಿ ನೀರಿಗೆಸೆದಳು. ಮೇಲಿನ ತಟ್ಟೆಯ ಗಾಜಿನ ನಳಿಗೆಗಳನ್ನು ಅಡಿಯ ನಳಿಗೆಗಳ ಮೇಲೆ ಸುರಿದು, ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು.

“ಅಯ್ಯೋ, ಕೆಟ್ಟು ಹೋಗುತ್ತಮ್ಮಾ!” ಡಾಕ್ಟರ್ ಓಡಿ ಬಂದರು.

“ಅಲ್ಲೇ ನಿಲ್ಲು. ಇನ್ನೊಂದು ಹೆಜ್ಜೆ ಇಟ್ರೆ ಇದೂ ನೀರಿಗೆ.”

ಹಿಂದಿನಿಂದ ಬಂದ ಗೌಡರ ದೊಣ್ಣೆ ಅವಳ ಹೆಗಲಿಗೆ ಬಿತ್ತು. ಅವಳು ಅದರ ತುದಿ ಹಿಡಿದದ್ದೇ ತಡ, ಕೆಂಡ ಮುಟ್ಟಿದವರಂತೆ ಗೌಡರು ತಮ್ಮ ತುದಿ ಬಿಟ್ಟರು.

“ಯಾಕ್ಲಾ ಬಿಟ್ಟೆ? ಬಾ, ನನ್ನ ಮುಟ್ಟಿ ಕಿತ್ಕೋ! ನಿನ್ ರತ್ತ ನನ್ ಮಡಿಲಾಗೈತೆ!”

ಗೌಡರು ಅಂಗೈಯನ್ನು ಪಂಚೆಗೆ ಒರೆಸುತ್ತಲೇ ಇದ್ದರು.

“ನನ್ ಸೆಲ್ವೀದು ಹೇಳ್ರೋ! ಆಮೇಲೆ ಏಳ್ತೀನಿ!”

ಆ ಕೂಗಿಗೆ ಕಂಬಂನಲ್ಲಿ ಬಸ್ಸು ಹೊರಟಿತೋ ಇಲ್ಲವೋ, ಬಾಳೆತೋಟದ ಉದ್ದಕ್ಕೂ ಗೊನೆ ಕಡಿಯುವ ಸದ್ದು ನಿಂತಿತು. ಎಲೆಗಳ ಸಂದಿಯಿಂದ ಹೆಂಗಸರು ಒಬ್ಬೊಬ್ಬರಾಗಿ ಏರಿಯತ್ತ ಬಂದರು. ಯಾರೂ ಕತ್ತಿ ಕೆಳಗಿಟ್ಟಿರಲಿಲ್ಲ.