ತನ್ನ ಬಗ್ಗೆ ತಾನೇ ಬರೆದುಕೊಂಡ ಪತ್ರ

ಹೆಂಡತಿಗೆ ಹೊರದೇಶದ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿದಾಗ ಕ್ಷೌರಿಕ ಎರಡನೇ ಮಾತಾಡಲಿಲ್ಲ. ಇಪ್ಪತ್ತೆರಡು ವರ್ಷ ಒಬ್ಬನೇ ನಡೆಸಿದ ಅಂಗಡಿಯ ಬಾಗಿಲೆಳೆದು, ಕತ್ತರಿ, ಬಾಚಣಿಗೆ, ಎರಡು ಮೆಷಿನ್ನುಗಳನ್ನು ಟವೆಲಿನಲ್ಲಿ ಸುತ್ತಿಕೊಂಡು ಅವಳ ಜೊತೆಗೇ ವಿಮಾನ ಹತ್ತಿದ.

"ತಲೆ ಎಲ್ಲಾ ದೇಶದಲ್ಲೂ ಇರುತ್ತೆ, ಕೂದಲು ಎಲ್ಲಾ ತಲೆಯಲ್ಲೂ ಬೆಳೆಯುತ್ತೆ. ನನಗೆ ಕೆಲಸಕ್ಕೇನು ಬರ?" ಎಂಬುದು ಅವನ ಧೈರ್ಯ.

ತಲೆಗಳೇನೋ ಇದ್ದವು. ಆದರೆ ಅವುಗಳನ್ನು ಮುಟ್ಟಲು ಪರವಾನಗಿ ಬೇಕಿತ್ತು. ಬಟ್ಟೆ ಒಗೆಯುವ ಅಂಗಡಿಯೊಂದರ ಮೇಲಿನ ಒಂದೇ ಕೋಣೆ ಅವರ ಮನೆ. ಕಿಟಕಿಯಿಂದ ನೋಡಿದರೆ ಕೆಳಗೆ ಬಸ್ ನಿಲ್ದಾಣ. ಅಲ್ಲಿ ನಿಂತವರ ಕಿವಿಯ ಮೇಲೆ ಇಳಿಬಿದ್ದ ಕೂದಲು, ಓರೆಯಾದ ಕೃತಾವು, ಯಾರೋ ಕೈಗೆ ಬಂದಂತೆ ಕತ್ತರಿಸಿದ ಹಿಂದಲೆ ಕಂಡು ಅವನ ಬೆರಳು ತುರಿಸುತ್ತಿದ್ದವು. ಎಂಟು ತಿಂಗಳು ಭಾಷೆ ಕಲಿಯುವುದರಲ್ಲಿ, ಕಾಗದ ಕೂಡಿಸುವುದರಲ್ಲಿ ಕಳೆಯಿತು. ಕೊನೆಗೊಂದು ಬೆಳಿಗ್ಗೆ ಎಲ್ಲವನ್ನೂ ಕಡತದಲ್ಲಿ ಜೋಡಿಸಿಕೊಂಡು ಪರವಾನಗಿ ಕಚೇರಿಯ ಏಳನೇ ಕಿಟಕಿಯ ಮುಂದೆ ನಿಂತ.

ಕಿಟಕಿಯೊಳಗಿನ ಅಧಿಕಾರಿಣಿಯ ಕನ್ನಡಕ ಸರಪಳಿಯಲ್ಲಿ ನೇತಾಡುತ್ತಿತ್ತು. ಒಂದೊಂದು ಕಾಗದವನ್ನೂ ಮೇಜಿಗೆ ತಟ್ಟಿ ಅಂಚು ಸರಿಮಾಡಿಕೊಂಡೇ ಓದುತ್ತಿದ್ದಳು. ಪಾಸ್‌ಪೋರ್ಟಿನ ಪ್ರತಿ, ಬಾಡಿಗೆ ಕರಾರು, ಭಾಷೆ ಕಲಿತ ಪ್ರಮಾಣಪತ್ರ, ಎರಡೂ ಕಿವಿ ಕಾಣುವ ಫೋಟೊ, ಎಲ್ಲ ಸರಿ ಇತ್ತು.

"ಅನುಭವ ಪತ್ರ?" ಎಂದಳು.

"ನಾನು ಯಾರ ಹತ್ತಿರಾನೂ ಕೆಲಸ ಮಾಡಿಲ್ಲ ಮೇಡಂ. ಅಂಗಡಿ ನಂದೇ."

"ಅಂದ್ರೆ ನೀವು ಮಾಲೀಕರು."

"ಹೌದು."

"ಕೂದಲು ಕತ್ತರಿಸ್ತಿದ್ದವರು ಯಾರು?"

"ನಾನೇ."

"ಹಾಗಾದ್ರೆ ಕೆಲಸಗಾರರೂ ನೀವೇ. ಮಾಲೀಕರು ಕೆಲಸಗಾರರ ಬಗ್ಗೆ ಬರೆದುಕೊಡಬೇಕು."

"ನನ್ನ ಬಗ್ಗೆ ನಾನೇನಾ?"

"ಕೆಲಸಗಾರರ ಬಗ್ಗೆ ಮಾಲೀಕರು," ಎಂದು ಅವಳು ತಿದ್ದಿದಳು. "ಗುಣ, ನಡತೆ, ಹಾಜರಿ. ದೋಷಗಳಿದ್ದರೆ ಅದನ್ನೂ ಬರೀಬೇಕು. ಸುಳ್ಳು ಅಂತ ಗೊತ್ತಾದ್ರೆ ಅರ್ಜಿ ವಜಾ."

ಕ್ಷೌರಿಕನಿಗೆ ತೊಡಕಾದದ್ದು ಈ ಕೊನೆಯ ಮಾತು. ಬಾಯಲ್ಲಿ ಅವನು ಎಂಥ ಸುಳ್ಳನ್ನಾದರೂ ಹೇಳಬಲ್ಲ. ನುಣ್ಣನೆ ತಲೆಯವನಿಗೂ 'ಹೊಸದಾಗಿ ಚಿಗುರ್ತಾ ಇದೆ ಸಾರ್' ಎಂದವನು ಅವನು. ಆದರೆ ಸಹಿ ಹಾಕುವ ಕಾಗದದ ಮುಂದೆ ಕೂತರೆ ಸಾಕು, ಸತ್ಯವಂತನಾಗಿಬಿಡುತ್ತಿದ್ದ.

ಅಂದು ಮಧ್ಯಾಹ್ನ ಬಾಮೈದ ಊರಿನಿಂದ ವಿಡಿಯೊ ಕಾಲ್ ಮಾಡಿ ನೆರವಿಗೆ ನಿಂತ. "ಬರೀರಿ ಭಾವ, 'ಇಂಥ ಕೆಲಸಗಾರ ಏಳು ಜನ್ಮ ಹುಡುಕಿದ್ರೂ ಸಿಗಲ್ಲ' ಅಂತ."

"ಏಳು ಜನ್ಮದ ಸುದ್ದಿ ನನಗೆ ಹೇಗೆ ಗೊತ್ತಾಗುತ್ತೋ?"

"ಹೋಗಲಿ, 'ಒಂದು ದಿನಾನೂ ತಡವಾಗಿ ಬಂದಿಲ್ಲ' ಅಂತ ಬರೀರಿ."

"ಸೋಮವಾರ?"

ಸೋಮವಾರ ಭಾವನ ಅಂಗಡಿ ಹತ್ತೂವರೆಗಿಂತ ಮುಂಚೆ ತೆರೆಯದೆಂಬುದು ಇಡೀ ಬೀದಿಗೆ ಗೊತ್ತಿತ್ತು.

ಕ್ಷೌರಿಕ ಸಂಜೆತನಕ ಕೂತು ಬರೆದು ಮುಗಿಸಿದ. ಡ್ಯೂಟಿ ಮುಗಿಸಿ ಬಂದ ಹೆಂಡತಿ ಚಪ್ಪಲಿ ಬಿಡುವ ಮೊದಲೇ ಓದತೊಡಗಿದಳು: 'ಈತನನ್ನು ನಾನು ಹುಟ್ಟಿದಾಗಿನಿಂದ ಬಲ್ಲೆ. ಕೈ ಶುದ್ಧ. ಕತ್ತರಿ ಚುರುಕು. ಯಾರ ಕಿವಿಗೂ ಗಾಯ ಮಾಡಿಲ್ಲ, ಒಂದು ಬಿಟ್ಟು. ಆ ಗಿರಾಕಿ ಸೀನಿದ್ದರು. ಸೋಮವಾರ ತಡವಾಗಿ ಬರುತ್ತಾನೆ. ಎಷ್ಟು ಹೇಳಿದರೂ ತಿದ್ದಿಕೊಂಡಿಲ್ಲ. ಕೆಲಸದ ನಡುವೆ ರೇಡಿಯೊ ವಾರ್ತೆಯ ಜೊತೆ ಜಗಳಕ್ಕೆ ನಿಲ್ಲುತ್ತಾನೆ. ಗಿರಾಕಿ ಕೇಳಿದ ಹಾಗಲ್ಲ, ಗಿರಾಕಿಯ ಮುಖಕ್ಕೆ ಒಪ್ಪುವ ಹಾಗೆ ಕತ್ತರಿಸುತ್ತೇನೆಂಬ ಮೊಂಡುತನವಿದೆ.'

"ರೀ, ಇದು ಅನುಭವ ಪತ್ರನಾ, ಪೊಲೀಸ್ ದೂರಾ?"

"ಇರೋದನ್ನೇ ಬರೆದಿದೀನಿ ಕಣೇ."

"ಇರೋದನ್ನೆಲ್ಲಾ ಬರೀತಾರೇನ್ರೀ ಯಾರಾದ್ರೂ!" ಎಂದವಳು ಮರುದಿನ ತನಗೆ ರಜೆಯಿದ್ದುದರಿಂದ ಕಾವಲಿಗೆ ತಾನೇ ಜೊತೆಯಲ್ಲಿ ಹೊರಟಳು.

ಅಧಿಕಾರಿಣಿ ಪತ್ರವನ್ನು ಮೂರು ಸಲ ತಟ್ಟಿ, ಎರಡು ಸಲ ಓದಿ, "ಮಾಲೀಕರ ಹತ್ತಿರ ಫೋನಲ್ಲಿ ಖಚಿತ ಮಾಡ್ಕೋಬೇಕು" ಎಂದು ನಂಬರು ಒತ್ತಿದಳು. ಕ್ಷೌರಿಕನ ಜೇಬು ಹಾಡತೊಡಗಿತು.

"ಎತ್ತಲಾ ಮೇಡಂ?"

"ನೀವು ಎತ್ತೋ ಹಾಗಿಲ್ಲ. ಅರ್ಜಿದಾರರು ಕೇಳಿಸ್ಕೊಳ್ಳೋ ಹಾಗೂ ಇಲ್ಲ. ಹೊರಗಡೆ ಹೋಗಿ."

"ನಾನು ಹೊರಗೆ ಹೋದ್ರೆ ಫೋನೂ ಜೊತೆಗೇ ಬರುತ್ತೆ."

"ಬರಲಿ. ಅಲ್ಲಿ ಮಾಲೀಕರು ಎತ್ತಲಿ."

ಗಂಡ ಹೆಂಡಿರು ಮೊಗಸಾಲೆಗೆ ಬಂದು ಕಾಫಿ ಮೆಷಿನ್ನಿನ ಪಕ್ಕ ನಿಂತರು. ಗಾಜಿನ ಗೋಡೆಯಾಚೆ ಅಧಿಕಾರಿಣಿ ಕಾಣುತ್ತಿದ್ದಳು. ಕ್ಷೌರಿಕ ಗಂಟಲು ಸರಿಮಾಡಿಕೊಂಡು ಫೋನೆತ್ತಿದ. ಎತ್ತಿದ್ದೇ ತಡ, ಅವನ ಕತ್ತು ನೆಟ್ಟಗಾಯಿತು, ಹೊಟ್ಟೆ ಮುಂದೆ ಬಂತು, ದನಿ ದಪ್ಪಗಾಯಿತು. ಇಷ್ಟು ವರ್ಷ ಅಂಗಡಿಯ ಮಾಲೀಕನಾಗಿದ್ದರೂ ಮಾಲೀಕನೆಂದು ಅವನನ್ನು ಯಾರೂ ಮಾತಾಡಿಸಿರಲಿಲ್ಲ.

"ಹೇಳಿ, ನಾನೇ ಮಾಲೀಕ."

"ನಿಮ್ಮ ಕೆಲಸಗಾರರ ಬಗ್ಗೆ ಏನು ಹೇಳ್ತೀರಿ?"

"ಏನು ಹೇಳಲಿ ತಾಯಿ! ಕೆಲಸ ಚೆನ್ನಾಗಿ ಬರುತ್ತೆ, ಇಲ್ಲ ಅನ್ನಲ್ಲ. ಆದ್ರೆ ಮಾತು ಕೇಳಬೇಕಲ್ಲ? ಒಂದು ಸಲ ಗಿರಾಕಿ ಮುಖಕ್ಕೆ ಸೋಪು ಹಚ್ಚಿಟ್ಟು ಚಹಾ ಕುಡಿಯೋಕೆ ಹೋದವನು ಅರ್ಧ ಗಂಟೆ ಪತ್ತೆ ಇಲ್ಲ. ಸೋಪು ಒಣಗಿ ಆ ಮನುಷ್ಯನಿಗೆ ಬಾಯಿ ತೆರೆಯೋಕೂ ಆಗಲಿಲ್ಲ."

"ಇದು ಪತ್ರದಲ್ಲಿಲ್ಲ."

"ಪಾಪ, ಮಾನ ಹೋಗುತ್ತೆ ಅಂತ ಬಿಟ್ಟೆ."

ಹೆಂಡತಿ ಅವನ ತೋಳನ್ನು ಬಲವಾಗಿ ಚಿವುಟಿದಳು. ಮಾಲೀಕ 'ಅಯ್ಯೋ' ಎಂದ.

"ಏನಾಯ್ತು?" ಎಂದು ಅಧಿಕಾರಿಣಿ ಕೇಳಿದಳು.

"ಅವನ ಹೆಂಡತಿ ಚಿವುಟಿದ್ರು."

ಗಾಜಿನಾಚೆ ಅಧಿಕಾರಿಣಿ ತಲೆಯೆತ್ತಿ ನೋಡಿದಳು. ಹೆಂಡತಿ ಕೈ ಹಿಂದಕ್ಕೆ ಕಟ್ಟಿಕೊಂಡು ಮೇಲ್ಛಾವಣಿಯ ದೀಪ ಎಣಿಸತೊಡಗಿದಳು.

"ಅವರು ಕೆಲಸ ಯಾಕೆ ಬಿಟ್ಟರು?"

ಮಾಲೀಕನ ದಪ್ಪ ದನಿ ತೆಳುವಾಯಿತು. "ಹೆಂಡತಿಗೆ ಇಲ್ಲಿ ಕೆಲಸ ಸಿಕ್ತು. ಅವಳನ್ನು ಒಬ್ಬಳನ್ನೇ ಕಳಿಸೋಕೆ ಅವನಿಗೆ ಮನಸ್ಸು ಬರಲಿಲ್ಲ. ನಾನೂ ತಡೀಲಿಲ್ಲ."

ಹೆಂಡತಿ ದೀಪ ಎಣಿಸುವುದನ್ನು ಬಿಟ್ಟು ಅವನ ಮುಖ ನೋಡಿದಳು.

"ವಾಪಸ್ ಬಂದ್ರೆ ಮತ್ತೆ ಕೆಲಸಕ್ಕೆ ಇಟ್ಕೋತೀರಾ?"

ಅವನು ನಿಜವಾಗಿಯೂ ಯೋಚಿಸಿದ. "ಸೋಮವಾರದ ವಿಷಯ ಕೂತು ಮಾತಾಡಬೇಕಾಗುತ್ತೆ. ಆದ್ರೂ ಇಟ್ಕೋತೀನಿ."

ಒಳಗೆ ಹೋದಾಗ ಅಧಿಕಾರಿಣಿ ಮೊಹರನ್ನು ಶಾಯಿಗೆ ಒತ್ತುತ್ತಿದ್ದಳು. "ನಿಮ್ಮ ಮಾಲೀಕರು ಸ್ವಲ್ಪ ಬಿರುಸು," ಎಂದಳು.

"ಹೌದು ಮೇಡಂ. ಮನಸ್ಸು ಮಾತ್ರ ಒಳ್ಳೇದು."

ಅವಳ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಪರವಾನಗಿಗೆ ಮೊಹರು ಬಿತ್ತು. ಪತ್ರಕ್ಕೂ ಒಂದು ಮೊಹರು ಬಿದ್ದು ಅದೂ ಸರಕಾರಿ ದಾಖಲೆಯಾಯಿತು. ಕೆಲಸ ಕೇಳುವಲ್ಲೆಲ್ಲ ಪರವಾನಗಿಯ ಜೊತೆಗೆ ಅದನ್ನೂ ತೋರಿಸಲೇಬೇಕಂತೆ.

ಮುಂದಿನ ಎರಡು ವಾರ ಅವನು ಊರೆಲ್ಲ ಅಲೆದು ಚಪ್ಪಲಿ ಸವೆಸಿದ. ಮೊದಲ ಅಂಗಡಿಯವನು ಪತ್ರವನ್ನು ಸೋಮವಾರದವರೆಗೆ ಓದಿ ಮಡಿಸಿ ಕೊಟ್ಟ. ಎರಡನೆಯವನು ರೇಡಿಯೊವರೆಗೆ ಬಂದ. ಮೂರನೆಯವನು ಪೂರ್ತಿ ಓದಿ, ತನ್ನ ಕಿವಿ ಮುಚ್ಚಿಕೊಂಡು, ಬಾಗಿಲು ತೋರಿಸಿದ.

ನಾಲ್ಕನೆಯದು ಬಸ್ ಡಿಪೋ ಎದುರಿನ ಸಣ್ಣ ಅಂಗಡಿ. ಮೂರು ಕುರ್ಚಿ, ಅಂಚು ಸೀಳಿದ ಕನ್ನಡಿ. ಮಾಲೀಕಳು ಬಿಳಿ ಕೂದಲನ್ನು ಮೋಟಾಗಿ ಕತ್ತರಿಸಿಕೊಂಡಿದ್ದ ಮುದುಕಿ. ಪತ್ರವನ್ನು ಓದುತ್ತ ಓದುತ್ತ ಕುರ್ಚಿಗೆ ಕುಸಿದು, ಹೊಟ್ಟೆ ಹಿಡಿದುಕೊಂಡು ನಕ್ಕಳು. ಕ್ಷೌರಿಕ ತಬ್ಬಿಬ್ಬಾಗಿ ಚೀಲ ಎತ್ತಿಕೊಂಡ.

"ಎಲ್ಲಿಗಪ್ಪಾ ಹೊರಟೆ? ನಿಂತ್ಕೋ. ಮೂವತ್ತು ವರ್ಷದಿಂದ ಇಂಥ ಪತ್ರ ಓದ್ತಿದೀನಿ. ಬಂದವರೆಲ್ಲಾ ಪತ್ರದಲ್ಲಿ ದೇವರಂಥವರೇ. ಅಂಥ ಒಬ್ಬ ದೇವರು ನನ್ನ ಡ್ರೈಯರ್ ಹೊತ್ಕೊಂಡು ಹೋದ. ನಿನ್ನದೊಂದೇ ನಂಬೋ ಹಾಗಿದೆ."

"ಸೋಮವಾರದ್ದು..."

"ಸೋಮವಾರ ನಮ್ಮ ಅಂಗಡಿಗೇ ರಜೆ."

ಮಂಗಳವಾರ ಅವನು ಅರ್ಧ ಗಂಟೆ ಮುಂಚೆಯೇ ಬಂದು ಬಾಗಿಲ ಮುಂದೆ ನಿಂತಿದ್ದ. ಮೊದಲ ಗಿರಾಕಿ ಒಬ್ಬ ಬಸ್ ಚಾಲಕ. ಟೊಪ್ಪಿಗೆ ಮೊಳೆಗೆ ತೂಗುಹಾಕಿ ಕೂತು ಏನೋ ಅಂದ. ಭಾಷಾ ತರಗತಿಯಲ್ಲಿ ರೈಲು ನಿಲ್ದಾಣದ ಪಾಠವಿತ್ತು, ಚಿಕ್ಕಪ್ಪನ ತೋಟದ ಪಾಠವಿತ್ತು, ಕೂದಲಿನ ಪಾಠವಿರಲಿಲ್ಲ. ಅದೂ ಅಲ್ಲದೆ ಚಾಲಕನದು ಆ ದೇಶದ ಯಾವುದೋ ಹಳ್ಳಿಯ ಕಡೆಯ ಆಡುಮಾತು. ಕ್ಷೌರಿಕ ಕತ್ತರಿಸಿದ. ಚಾಲಕ ಒಂದು ಶಬ್ದ ಹೇಳಿದ. 'ಇನ್ನೂ ಸ್ವಲ್ಪ' ಎಂದಿರಬೇಕೆಂದು ಕ್ಷೌರಿಕ ಇನ್ನೂ ಸ್ವಲ್ಪ ಕತ್ತರಿಸಿದ. ಚಾಲಕ ಅದೇ ಶಬ್ದವನ್ನು ಜೋರಾಗಿ ಹೇಳಿದ. ಎಂಥ ಅವಸರದ ಮನುಷ್ಯ ಎಂದುಕೊಂಡು ಕ್ಷೌರಿಕ ಮೆಷಿನ್ನನ್ನೇ ಕೈಗೆತ್ತಿಕೊಂಡ.

"ಸಾಕು ಅಂತಿದಾನೆ ಕಣಪ್ಪಾ!" ಪಕ್ಕದ ಕುರ್ಚಿಯಿಂದ ಮುದುಕಿ ಕೂಗಿದಳು. "ಆಗಿನಿಂದ ಸಾಕು ಅಂತಾನೇ ಬಡ್ಕೋತಿದಾನೆ!"

ಮೆಷಿನ್ನು ನಿಂತಿತು. ಉಳಿದಿದ್ದ ಕೂದಲನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕಬೇಕಿತ್ತು. ಚಾಲಕ ಕನ್ನಡಿಯತ್ತ ಬಾಗಿ ಬಲಗಡೆ ನೋಡಿಕೊಂಡ, ಎಡಗಡೆ ನೋಡಿಕೊಂಡ. ಅಂಗೈಯಿಂದ ತಲೆ ಸವರಿ, ಮತ್ತೊಮ್ಮೆ ಸವರಿ, ಮೊಳೆಯ ಮೇಲಿದ್ದ ಟೊಪ್ಪಿಗೆ ಹಾಕಿಕೊಂಡ. ಅದು ಜರ್ರನೆ ಜಾರಿ ಮೂಗಿನ ಮೇಲೆ ಕೂತಿತು.

ಟೊಪ್ಪಿಗೆಯೊಳಗಿಂದ ದೊಡ್ಡ ನಗು ಕೇಳಿಬಂತು. ಅವನು ಅದನ್ನು ಎರಡು ಬೆರಳಲ್ಲಿ ಮೇಲೆತ್ತಿ ಹಿಡಿದುಕೊಂಡೇ ರಸ್ತೆ ದಾಟಿದ. ಡಿಪೋದ ಗೇಟಿನಲ್ಲಿ ನಾಲ್ಕೈದು ಚಾಲಕರು ಅವನನ್ನು ಸುತ್ತುವರಿದು ತಲೆ ಮುಟ್ಟಿ ನೋಡಿದರು. ಒಬ್ಬ ತನ್ನ ಟೊಪ್ಪಿಗೆ ತೆಗೆದು ಅಂಗಡಿಯತ್ತ ಕೈ ಮಾಡಿ ಏನೋ ಕೇಳಿದ. ಆಮೇಲೆ ಇಬ್ಬರು ಈ ಕಡೆಗೇ ಹೊರಟರು.

"ಅಮ್ಮಾ," ಎಂದ ಕ್ಷೌರಿಕ, ಕುರ್ಚಿಯ ಮೇಲಿನ ಕೂದಲು ಕೊಡವುತ್ತ, "ಆ ಶಬ್ದ ಇನ್ನೊಂದು ಸಲ ಹೇಳ್ಕೊಡಿ."